ಲಪ್ಯಾಂ: ಒಂದು ಮೊಲದ ಹೆಸರಿನ ವೃತ್ತಾಂತ

(ದೆಹಲಿಯ ಕನ್ನಡಿಗರ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ವೇದಿಕೆಯಿಂದ ನಾವು ಬಹುಮಟ್ಟಿಗೆ ನೆಲ, ಜಲ, ನುಡಿ ಎಂಬ ಮೂರು ಗುರುತರ ವಿಷಯಗಳನ್ನು ಕುರಿತೇ ಮಾತನಾಡುತ್ತ ಬಂದಿದ್ದೇವೆ. ಇಂದು ನಾನು ಆರಿಸಿಕೊಂಡಿರುವುದು ಒಂದು ಸಣ್ಣ ಪ್ರಾಣಿಯ ಹೆಸರು. ಫ್ರೆಂಚರು ಮೊಲವನ್ನು ‘ಲಪ್ಯಾಂ’ ಎನ್ನುತ್ತಾರೆ. ಬರೆಯುವಾಗ ಕೊನೆಗೆ ನಕಾರವುಂಟು, ಉಚ್ಚರಿಸುವಾಗ ಅದು ಮೂಗಿನಲ್ಲಿ ಕರಗಿಹೋಗುತ್ತದೆ. ಈ ಹೆಸರು ಹೇಗೆ ಹುಟ್ಟಿತು, ಯಾರನ್ನು ಹೊರದೂಡಿ ಪಟ್ಟವೇರಿತು, ಯಾವ ಹಡಗುಗಳನ್ನೇರಿ ಎಲ್ಲೆಲ್ಲಿಗೆ ಹೋಯಿತು ಎಂಬುದಷ್ಟೇ ನನ್ನ ವಿಷಯ. ವಿಷಯ ನುಡಿಯದೇ ಆದ್ದರಿಂದ ಸಂಘದ ಸಂಪ್ರದಾಯಕ್ಕೆ ಭಂಗ ಬಂದಿಲ್ಲವೆಂದು ಭಾವಿಸುತ್ತೇನೆ.

ಮೊದಲು ಪ್ರಾಣಿಯ ವಿಚಾರ. ನಾವು ‘ಮೊಲ’ ಎಂಬ ಒಂದೇ ಮಾತಿನಿಂದ ಕರೆಯುವ ಜೀವಿಗಳು ಯುರೋಪಿನಲ್ಲಿ ಎರಡು. ಒಂದು ಬಯಲಿನಲ್ಲಿ ಒಂಟಿಯಾಗಿ ಓಡಾಡುವ ಉದ್ದ ಕಾಲಿನ ಕಾಡುಮೊಲ. ಅದು ಬಿಲ ತೋಡುವುದಿಲ್ಲ. ಅದರ ಮರಿಗಳು ಕಣ್ಣು ತೆರೆದೇ, ಮೈತುಂಬ ಕೂದಲಿನೊಡನೆಯೇ ಹುಟ್ಟುತ್ತವೆ. ಇದನ್ನು ಫ್ರೆಂಚರು ‘ಲಿಯೇವ್ರ್’ ಎಂದೂ ಇಂಗ್ಲಿಷರು ‘ಹೇರ್’ ಎಂದೂ ಕರೆದರು. ಇನ್ನೊಂದು ನೆಲದಡಿ ಬಿಲಗಳ ಊರನ್ನೇ ಕಟ್ಟಿ ಗುಂಪಾಗಿ ಬಾಳುವಂಥದು. ಅದರ ಮರಿಗಳು ಕುರುಡಾಗಿ, ಬೋಳಾಗಿ ಹುಟ್ಟುತ್ತವೆ. ಲಪ್ಯಾಂ ಎಂದರೆ ಇದು. ನಮ್ಮ ದಕ್ಷಿಣದ ಹೊಲ ಬೇಲಿಗಳಲ್ಲಿ ಚಂಗನೆ ನೆಗೆಯುವುದು ಮೊದಲನೆಯ ಜಾತಿ. ಎರಡನೆಯದು ಭಾರತಕ್ಕೆ ಹೊರಗಿನಿಂದ ಬಂದ ಸಾಕುಪ್ರಾಣಿ.

ಈ ಬಿಲಮೊಲದ ಮೂಲನೆಲೆ ಸ್ಪೇನ್ ಮತ್ತು ಪೋರ್ಚುಗಲ್‌ಗಳಿರುವ ಐಬೀರಿಯ ಪರ್ಯಾಯದ್ವೀಪ. ರೋಮನರು ಅಲ್ಲಿ ಕಾಲಿರಿಸಿದಾಗ ಅವರ ಲ್ಯಾಟಿನ್ನಿನಲ್ಲಿ ಇದಕ್ಕೆ ಹೆಸರಿರಲಿಲ್ಲ. ಆ ಸೀಮೆಯ ಯಾವುದೋ ಹಳೆಯ ನುಡಿಯಿಂದ ಎತ್ತಿಕೊಂಡದ್ದೆಂದು ವಿದ್ವಾಂಸರು ಬಗೆಯುವ ‘ಕುನಿಕುಲಸ್’ ಎಂಬುದು ಅವರ ಬಾಯಲ್ಲಿ ನೆಲೆಸಿತು. ಅದೇ ಪದಕ್ಕೆ ಸುರಂಗವೆಂಬ ಅರ್ಥವೂ ಉಂಟು; ಕೋಟೆಯ ಗೋಡೆಯಡಿ ಸೈನಿಕರು ತೋಡುವ ಕನ್ನಕ್ಕೆ ಲ್ಯಾಟಿನ್ನಿನಲ್ಲಿ ಇದೇ ಮಾತು. ಬಾಲಿಯಾರಿಕ್ ದ್ವೀಪಗಳಲ್ಲಿ ಈ ಮೊಲಗಳು ಮಿತಿಮೀರಿ ಬೆಳೆದು ಪೈರನ್ನೆಲ್ಲ ತಿಂದುಹಾಕಲು, ಅಲ್ಲಿನ ಜನ ಸೈನ್ಯದ ನೆರವು ಬೇಕೆಂದು ಅಗಸ್ಟಸ್ ಚಕ್ರವರ್ತಿಗೆ ಮೊರೆಯಿಟ್ಟರೆಂದು ಪ್ಲಿನಿ ಬರೆದಿದ್ದಾನೆ. ಮೊಲದ ಮೇಲೆ ದಂಡೆತ್ತಿ ಬರಬೇಕೆಂಬ ಆ ಮನವಿಯ ಮೇಲೆ ರೋಮಿನ ಯಾವ ಗುಮಾಸ್ತ ಯಾವ ಟಿಪ್ಪಣಿ ಬರೆದನೋ! ಸರಕಾರಿ ಕಡತಗಳ ನಡುವೆ ಮೂರು ದಶಕ ಕಳೆದ ನನ್ನಂಥವನಿಗೆ ಅದನ್ನು ಓದುವ ಆಸೆಯಾಗುತ್ತದೆ.

ಕುನಿಕುಲಸ್ ಯುರೋಪನ್ನೆಲ್ಲ ಸುತ್ತಿತು. ಸ್ಪ್ಯಾನಿಷಿನ ಕೊನೇಹೊ, ಪೋರ್ಚುಗೀಸಿನ ಕೊಯೆಲ್ಯು, ಇಟಾಲಿಯನ್ನಿನ ಕೊನೀಲ್ಯೊ, ಜರ್ಮನ್ನಿನ ಕನೀನ್‌ಶೆನ್, ಡಚ್ಚಿನ ಕೊನೈನ್, ಐರಿಷಿನ ಕೊನೀನ್ ಎಲ್ಲವೂ ಅದರ ಸಂತಾನ. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪೋಲಿಷರ ಕಥೆ. ಮಧ್ಯಯುಗದ ಜರ್ಮನ್ನಿನಲ್ಲಿ ಈ ಪದ ‘ಕ್ಯೂನಿಕ್ಲೀನ್’ ಎಂದಾಗಿತ್ತು. ‘ಕ್ಯೂನಿಕ್’ ಎಂದರೆ ಅರಸ. ‘ಲೀನ್’ ಎಂಬುದು ಚಿಕ್ಕದನ್ನು ಸೂಚಿಸುವ ಪ್ರತ್ಯಯ. ಕೇಳಿದ ಸ್ಲಾವ್ ಜನ ಇದು ‘ಪುಟ್ಟ ಅರಸ’ ಎಂದು ತಿಳಿದು, ನಿಷ್ಠೆಯಿಂದ ತಮ್ಮ ನುಡಿಗೆ ಅನುವಾದಿಸಿಕೊಂಡರು. ಪೋಲಿಷಿನಲ್ಲಿ ‘ಕ್ರುಲಿಕ್’, ಝೆಕ್ಕಿನಲ್ಲಿ ‘ಕ್ರಾಲೀಕ್’. ಪೋಲಿಷಿನಿಂದ ರಷ್ಯನ್ನಿಗೆ ‘ಕ್ರೋಲಿಕ್’. ಹೀಗೆ ಒಂದು ತಪ್ಪು ಕೇಳ್ಮೆಯ ಫಲವಾಗಿ ಅರ್ಧ ಯುರೋಪಿನಲ್ಲಿ ಮೊಲಕ್ಕೆ ಪಟ್ಟಾಭಿಷೇಕವಾಯಿತು.

ಹಳೆಯ ಫ್ರೆಂಚಿನಲ್ಲಿಯೂ ಕುನಿಕುಲಸ್‌ನ ವಂಶಜನೇ ಇದ್ದ. ‘ಕೊನಿಲ್’ ಅಥವಾ ‘ಕೊನ್ಯಾಂ’ ಎಂದು ಅವನ ಹೆಸರು. ನೂರಾರು ವರ್ಷ ಈ ಪದ ನಿರಾತಂಕವಾಗಿ ಬಾಳಿತು. ಆದರೆ ಅದರ ಮೊದಲ ಅಕ್ಷರಕ್ಕೂ ಸ್ತ್ರೀಯ ಗುಹ್ಯಾಂಗವನ್ನು ಸೂಚಿಸುವ ಒರಟು ಮಾತಿಗೂ ಉಚ್ಚಾರಣೆಯಲ್ಲಿ ಹತ್ತಿರದ ಸಾದೃಶ್ಯ. ಹಾಸ್ಯಗಾರರಿಗೆ, ಪೋಲಿ ಕವಿಗಳಿಗೆ ಇದು ಸುಗ್ಗಿಯಾಯಿತು. ಕ್ರಮೇಣ ಸಭ್ಯರು ಆ ಪದವನ್ನು ಬಾಯಿಂದ ಹೊರಡಿಸಲು ಹಿಂಜರಿದರು. ಪ್ರಾಣಿಯಾದರೋ ಎಲ್ಲರ ಅಡುಗೆಮನೆಗೂ ಬೇಕು; ಅದನ್ನು ಹೆಸರಿಸದೆ ಸಂತೆಯಲ್ಲಿ ಕೊಳ್ಳುವುದೆಂತು? ಆಗ ಕೈಗೆ ಸಿಕ್ಕಿದ್ದು ‘ಲಪರೋ’ ಎಂಬ, ಮೊಲದ ಮರಿಯ ಹೆಸರು. ಅದು 14ನೆಯ ಶತಮಾನದಿಂದ ಬಳಕೆಯಲ್ಲಿತ್ತು. ಅದರ ಬಾಲ ಕತ್ತರಿಸಿ ಹೊಸ ಪ್ರತ್ಯಯ ಹಚ್ಚಿ 15ನೆಯ ಶತಮಾನದಲ್ಲಿ ‘ಲಪ್ಯಾಂ’ ಎಂದರು. ಮರಿಯ ಹೆಸರು ತಾಯಿಯ ಹೆಸರಿನ ಸ್ಥಾನದಲ್ಲಿ ಕುಳಿತಿತು. 17ನೆಯ ಶತಮಾನದ ಹೊತ್ತಿಗೆ ಕೊನಿಲ್ ಬಹುಮಟ್ಟಿಗೆ ಮರೆಯಾಗಿತ್ತು.

ಲಪರೋ ಎಂಬುದಾದರೂ ಎಲ್ಲಿಂದ ಬಂತೆಂದು ಕೇಳಿದರೆ ಪಂಡಿತರಲ್ಲಿ ಒಮ್ಮತವಿಲ್ಲ. ಪೋರ್ಚುಗೀಸಿನಲ್ಲಿ ಮರಿಮೊಲಕ್ಕೆ ‘ಲಾಪರು’ ಎಂಬ ಪದವಿದೆಯೆಂದು ಒಬ್ಬರು ಅತ್ತ ಕೈತೋರಿಸುತ್ತಾರೆ. ಕಲ್ಲುಚಪ್ಪಡಿಯನ್ನು ಹೇಳುವ ಐಬೀರಿಯದ ಹಳೆಯ ಧಾತುವೊಂದಿದೆ, ಕಲ್ಲಡಿ ಅಡಗುವುದರಿಂದ ಈ ಹೆಸರು ಬಂತೆಂದು ಮತ್ತೊಬ್ಬರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ನಮ್ಮ ಗಾದೆ ಶಬ್ದವ್ಯುತ್ಪತ್ತಿಕಾರರನ್ನು ಕಂಡೇ ಹುಟ್ಟಿತೋ ಏನೋ.

ಇದೇ ನಾಟಕ ಕಾಲುವೆಯ ಆಚೆ ಇಂಗ್ಲೆಂಡಿನಲ್ಲಿಯೂ ನಡೆಯಿತೆಂಬುದು ಕುತೂಹಲಕರ. ಅಲ್ಲಿ ಫ್ರೆಂಚಿನ ಕೊನಿಲ್‌ನಿಂದಲೇ ಬಂದ ‘ಕನಿ’ ಎಂಬ ಹೆಸರಿತ್ತು. ‘ಹನಿ’, ‘ಮನಿ’ಗಳೊಂದಿಗೆ ಪ್ರಾಸವಾಗುತ್ತಿತ್ತು. ಅಲ್ಲಿಯೂ ಅದೇ ಅಂಗದ ಹೆಸರಿನ ಕಾಟ. ಅವರೂ ಮರಿಯನ್ನು ಮಾತ್ರ ಸೂಚಿಸುತ್ತಿದ್ದ ‘ರ‍್ಯಾಬಿಟ್’ ಎಂಬ ಪದವನ್ನು ಇಡೀ ಕುಲಕ್ಕೆ ಹಚ್ಚಿದರು. ಆದರೆ 1611ರ ಬೈಬಲ್ ಅನುವಾದದಲ್ಲಿ ಹಳೆಯ ಪದ ಉಳಿದುಬಿಟ್ಟಿತ್ತು. ಧರ್ಮಗ್ರಂಥವನ್ನು ತಿದ್ದುವಂತಿಲ್ಲ, ಪ್ರಾರ್ಥನಾ ಮಂದಿರದಲ್ಲಿ ಸ್ತ್ರೀಪುರುಷರೆದುರು ಗಟ್ಟಿಯಾಗಿ ಓದುವಂತೆಯೂ ಇಲ್ಲ. ಕೊನೆಗೆ ಉಚ್ಚಾರಣೆಯನ್ನೇ ಬದಲಿಸಿ ‘ಕೋನಿ’ ಎಂದು ಎಳೆದು ಓದತೊಡಗಿದರು. ನ್ಯೂಯಾರ್ಕಿನ ಕೋನಿ ಐಲೆಂಡ್‌ನ ಹೆಸರಿನಲ್ಲಿ ಇರುವುದೂ ಇದೇ ಮೊಲ, ಡಚ್ಚರ ಬಾಯಿಂದ ಬಂದದ್ದು ಎಂಬುದು ರೂಢಿಯ ವಿವರಣೆ. ಯಾವ ರಾಜಾಜ್ಞೆಯೂ ಇಲ್ಲದೆ, ಬರಿಯ ನಾಚಿಕೆಯೊಂದೇ ಎರಡು ದೊಡ್ಡ ಭಾಷೆಗಳಲ್ಲಿ ಒಂದು ನಿರಪರಾಧಿ ಪದವನ್ನು ಕೊಂದಿತು. ನುಡಿಗಳ ಇತಿಹಾಸ ಬರೆಯುವವರು ಆಕ್ರಮಣ, ಮತಾಂತರ, ವ್ಯಾಪಾರಗಳನ್ನು ಎಣಿಸುತ್ತಾರೆ. ನಾಚಿಕೆಗೆ ಒಂದು ಅಧ್ಯಾಯವನ್ನು ಮೀಸಲಿಡಬೇಕೆಂಬುದು ನನ್ನ ವಿನಮ್ರ ಸೂಚನೆ.

ನಾಚಿಕೆಯ ನೆರೆಯಲ್ಲೇ ಭಯವೂ ಇದೆ. ಫ್ರೆಂಚ್ ನಾವಿಕರಲ್ಲಿ ಹಡಗಿನ ಮೇಲೆ ಲಪ್ಯಾಂ ಎಂಬ ಪದವನ್ನು ಉಚ್ಚರಿಸುವುದು ನಿಷಿದ್ಧ. ಆಹಾರಕ್ಕೆಂದು ಒಯ್ದ ಮೊಲಗಳು ಗೂಡಿನಿಂದ ತಪ್ಪಿಸಿಕೊಂಡು ಸೆಣಬಿನ ಹಗ್ಗಗಳನ್ನು ಕಡಿದು ಅನಾಹುತ ಮಾಡುತ್ತಿದ್ದವೆಂದು ಅದಕ್ಕೆ ಕಾರಣ ಹೇಳುತ್ತಾರೆ. ‘ಉದ್ದ ಕಿವಿಯ ಪ್ರಾಣಿ’ ಎಂದು ಸುತ್ತಿಬಳಸಿ ಹೇಳಬೇಕು. ಹಾವು ಕಚ್ಚಿತೆನ್ನದೆ ‘ಹುಳ ಮುಟ್ಟಿತು’ ಎನ್ನುವ ನಮ್ಮ ಹಳ್ಳಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಡಗಿನ ಮೇಲೆ ನಿಷಿದ್ಧವಾದ ಆ ಪದವೇ ಹಡಗನ್ನೇರಿ ಸಮುದ್ರ ದಾಟಿತೆಂಬುದು ವಿಪರ್ಯಾಸ. ಆ ಪಯಣಕ್ಕೆ ಮುನ್ನ ಒಂದು ಪುಸ್ತಕದ ಬಗೆಗೆ ಹೇಳಬೇಕು. ಅದರಲ್ಲಿ ನಮ್ಮ ದೇಶದ ಪಾಲೂ ಇದೆ.

1678ರಲ್ಲಿ ಲಾ ಫೊಂತೇನ್ ತನ್ನ ನೀತಿಕಥೆಗಳ ಎರಡನೆಯ ಸಂಗ್ರಹವನ್ನು ಪ್ರಕಟಿಸಿದ. ಇದರಲ್ಲಿನ ಬಹುಪಾಲಿಗೆ ತಾನು ‘ಪಿಲ್ಪೇ’ ಎಂಬ ಭಾರತದ ಜ್ಞಾನಿಗೆ ಋಣಿಯೆಂದು ಅವನೇ ಒಪ್ಪಿಕೊಂಡಿದ್ದಾನೆ. ಅದರಲ್ಲಿ ಬೆಕ್ಕು, ಮುಂಗುಸಿಯ ದೂರದ ನೆಂಟನಂತಿರುವ ವೀಸಲ್ ಮತ್ತು ಪುಟ್ಟ ಲಪ್ಯಾಂ ಇವುಗಳ ಕಥೆಯೊಂದಿದೆ. ಮೊಲ ಬೆಳಗಿನ ಮೇವಿಗೆ ಹೋದಾಗ ವೀಸಲ್ ಅದರ ಬಿಲವನ್ನು ಹೊಕ್ಕು ಕೂರುತ್ತದೆ. ಭೂಮಿ ಮೊದಲು ಆಕ್ರಮಿಸಿದವರದು ಎಂದು ವೀಸಲ್‌ನ ವಾದ. ಪದ್ಧತಿ, ಪರಂಪರೆ, ತಂದೆಯಿಂದ ಮಗನಿಗೆ ಬಂದ ಹಕ್ಕು ಎಂದು ಮೊಲದ ವಾದ. ನ್ಯಾಯಕ್ಕೆಂದು ಸಾಧುವೇಷದ ಬೆಕ್ಕಿನ ಬಳಿ ಹೋಗಲು, ಕಿವಿ ಕೇಳಿಸದು ಹತ್ತಿರ ಬನ್ನಿ ಎಂದು ಕರೆದು ಅದು ಎರಡನ್ನೂ ತಿಂದುಹಾಕುತ್ತದೆ. ಪಂಚತಂತ್ರವನ್ನು ಬಲ್ಲವರು ಇದನ್ನು ಒಡನೆಯೇ ಗುರುತಿಸುತ್ತಾರೆ. ಅಲ್ಲಿ ಕಪಿಂಜಲ ಪಕ್ಷಿ ಮಾಗಿದ ಭತ್ತದ ಸೀಮೆಗೆ ಹೊರಟುಹೋಗಿ, ಕೊಬ್ಬಿ ಹಿಂದಿರುಗುವಷ್ಟರಲ್ಲಿ ಅದರ ಪೊಟರೆಯಲ್ಲಿ ಶಶ ನೆಲೆಸಿರುತ್ತದೆ. ಬಿಟ್ಟುಹೋದ ಮನೆಯ ಮೇಲೆ ಹಕ್ಕು ಯಾರದು ಎಂಬುದು ವಿವಾದ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು, ಅಲ್ಲಿನ ಮನೆ ಜಮೀನುಗಳ ಬಗೆಗೆ ದಾಯಾದಿಗಳೊಡನೆ ಪತ್ರವ್ಯವಹಾರ ನಡೆಸುತ್ತಿರುವ ನಮ್ಮ ಅನೇಕ ಸದಸ್ಯರಿಗೆ ಕಪಿಂಜಲದ ಮೇಲೆ ಕನಿಕರ ಹುಟ್ಟದಿರದು.

ಆ ಕಥೆ 6ನೆಯ ಶತಮಾನದಲ್ಲಿ ಪಹ್ಲವಿಗೆ, 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನ ಅರಬ್ಬಿಗೆ, ಮುಂದೆ ಪಾರಸಿಗೆ, 1644ರಲ್ಲಿ ಫ್ರೆಂಚಿಗೆ ಬಂತು. ದಾರಿಯುದ್ದಕ್ಕೂ ಪಾತ್ರಗಳ ವೇಷ ಬದಲಾಗುತ್ತ ಹೋಯಿತು. ಪೊಟರೆಯಲ್ಲಿದ್ದ ಶಶ ಲಾ ಫೊಂತೇನನ ಕೈಯಲ್ಲಿ ಬಿಲದೊಡೆಯನಾದ ಲಪ್ಯಾಂ ಆಯಿತು. ಕಥೆಯಲ್ಲಿ ಮನೆ ಕಳೆದುಕೊಂಡ ಲಪ್ಯಾಂ, ಭಾಷೆಯಲ್ಲಿ ತಾನೇ ಕೊನಿಲ್‌ನ ಬಿಲವನ್ನು ಹೊಕ್ಕು ಕುಳಿತಿದ್ದ ಅತಿಕ್ರಮಣಕಾರ ಎಂಬುದು ಬೇರೆ ಮಾತು.

ಈಗ ಹಡಗುಗಳ ವಿಚಾರ. 17 ಮತ್ತು 18ನೆಯ ಶತಮಾನಗಳಲ್ಲಿ ಫ್ರಾನ್ಸ್ ಕೆರೀಬಿಯನ್ ದ್ವೀಪಗಳಲ್ಲಿಯೂ ಉತ್ತರ ಅಮೆರಿಕದ ಲೂಸಿಯಾನಾದಲ್ಲಿಯೂ ವಸಾಹತುಗಳನ್ನು ಸ್ಥಾಪಿಸಿ, ಆಫ್ರಿಕದ ಪಶ್ಚಿಮ ತೀರದಿಂದ ಗುಲಾಮರನ್ನು ಸಾಗಿಸಿತು. ಗುಲಾಮರು ಚರ ಆಸ್ತಿಯೆಂದು 1685ರ ‘ಕೋಡ್ ನ್ವಾರ್’ ಎಂಬ ಶಾಸನವೇ ಸಾರಿತು. ಬೇರೆ ಬೇರೆ ನುಡಿಗಳ ಜನರನ್ನು ಒಂದೇ ತೋಟದಲ್ಲಿ ಕಬ್ಬು ಕಡಿಯಲು ನಿಲ್ಲಿಸಿದಾಗ, ದಣಿಗಳ ಫ್ರೆಂಚಿನ ಪದಗಳನ್ನೇ ಎತ್ತಿಕೊಂಡು ಅವರು ತಮ್ಮೊಳಗೆ ಕಟ್ಟಿಕೊಂಡ ನುಡಿಗಳು ಕ್ರಿಯೋಲ್‌ಗಳು. ಹೇಟಿ, ಮಾರ್ಟಿನೀಕ್, ಗ್ವಾಡಲೂಪ್, ಡೊಮಿನಿಕಾ, ಸೇಂಟ್ ಲೂಸಿಯಾಗಳಲ್ಲಿ ಇಂದಿಗೂ ಮೊಲಕ್ಕೆ ಲಪ್ಯಾಂ ಎಂದೇ ಹೆಸರು. ಬರೆಯುವ ಕ್ರಮ ಮಾತ್ರ ಅವರದು. ಸೇಂಟ್ ಲೂಸಿಯಾ 1814ರಲ್ಲಿಯೇ ಬ್ರಿಟಿಷರ ಪಾಲಾಯಿತು. ಆಡಳಿತ ಇಂಗ್ಲಿಷಿಗೆ ಹೊರಳಿದರೂ ಜನರ ಮೊಲ ರ‍್ಯಾಬಿಟ್ ಆಗಲಿಲ್ಲ. ಆಡಳಿತ ಭಾಷೆಯ ಶಕ್ತಿಯನ್ನು ನಾವು ಸರಕಾರಿ ನೌಕರರು ಅತಿಯಾಗಿ ನಂಬುತ್ತೇವೆಂದು ನನಗೆ ಒಮ್ಮೊಮ್ಮೆ ತೋರುತ್ತದೆ.

ಆದರೆ ಅಲ್ಲಿ ಲಪ್ಯಾಂ ಎಂಬುದು ಬರಿಯ ಪ್ರಾಣಿಯ ಹೆಸರಾಗಿ ಉಳಿಯಲಿಲ್ಲ. ‘ಕೋಂಪೇರ್ ಲಪ್ಯಾಂ’, ಅಂದರೆ ಗೆಳೆಯ ಮೊಲರಾಯ, ಎಂಬವನು ರಾತ್ರಿಯ ಕಥೆಗಳ ನಾಯಕನಾದ. ದೇಹಬಲವಿಲ್ಲ, ಅಧಿಕಾರವಿಲ್ಲ, ನಾಲಿಗೆಯೊಂದೇ ಬಂಡವಾಳ. ಬಲಿಷ್ಠರನ್ನು ಬುದ್ಧಿಯಿಂದ ಬಗ್ಗುಬಡಿಯುತ್ತಾನೆ, ಸಿಕ್ಕಿಬಿದ್ದಾಗ ಸುಳ್ಳು ಹೇಳಿ ಪಾರಾಗುತ್ತಾನೆ. ಸಿಂಹವನ್ನು ಬಾವಿಗೆ ಕೆಡವಿದ ನಮ್ಮ ಮೊಲದ ದಾಯಾದಿಯೆನ್ನಬಹುದು. ಚಾವಟಿಯ ಕೆಳಗೆ ದುಡಿಯುವವರಿಗೆ ಇಂಥ ನಾಯಕ ಏಕೆ ಬೇಕಾದನೆಂದು ಕೇಳಬೇಕಾಗಿಲ್ಲ. ನ್ಯೂ ಆರ್ಲಿಯನ್ಸ್‌ನ ಪ್ರಾಧ್ಯಾಪಕ ಆಲ್ಸೇ ಫೋರ್ಟಿಯೇ ಎಂಬವರು ಲೂಸಿಯಾನಾದ ಈ ಕಥೆಗಳನ್ನು ಕ್ರಿಯೋಲ್‌ನಲ್ಲಿಯೇ ಬರೆದುಕೊಂಡು ಇಂಗ್ಲಿಷ್ ಅನುವಾದದೊಡನೆ 1895ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಮಾತನಾಡುವ ತೋಟಗಳಲ್ಲಿ ಬಂಧುವೆನಿಸಿದ ಇನ್ನೊಬ್ಬ ಮೊಲ 1880ರಲ್ಲಿ ಜೋಯೆಲ್ ಚಾಂಡ್ಲರ್ ಹ್ಯಾರಿಸ್‌ನ ಪುಸ್ತಕದ ಮೂಲಕ ‘ಬ್ರೇರ್ ರ‍್ಯಾಬಿಟ್’ ಆಗಿ ಜಗತ್ಪ್ರಸಿದ್ಧನಾಗಿದ್ದ.

ಲೂಸಿಯಾನಾದ ಕಥೆಗಳಲ್ಲಿ ಲಪ್ಯಾಂನಿಂದ ಸದಾ ಮೋಸಹೋಗುವ ಹೆಡ್ಡನೊಬ್ಬನಿದ್ದಾನೆ. ಅವನ ಹೆಸರು ‘ಬೂಕಿ’. ಇದು ಫ್ರೆಂಚ್ ಪದವಲ್ಲ. ಸೆನೆಗಾಲಿನ ವೊಲೋಫ್ ನುಡಿಯಲ್ಲಿ ಬೂಕಿ ಎಂದರೆ ಕತ್ತೆಕಿರುಬ. ಲೂಸಿಯಾನಾಕ್ಕೆ ಫ್ರೆಂಚರ ಕಾಲದಲ್ಲಿ ತಂದ ಗುಲಾಮರಲ್ಲಿ ಬಹುಪಾಲು ಆ ಸೀಮೆಯವರು. ಸೆನೆಗಾಲಿನಲ್ಲಿ ಇಂದಿಗೂ ಬೂಕಿಯೇ ಹೆಡ್ಡ. ಅವನನ್ನು ಸೋಲಿಸುವ ಜಾಣ ಕಾಡುಮೊಲ. ಆ ಜಾಣನಿಗೂ ವೊಲೋಫಿನಲ್ಲಿ ಒಂದು ಹೆಸರಿದೆ, ‘ಲೆಕ್’ ಎಂದು. ಹಾಗಾದರೆ ಇಬ್ಬರೂ ಒಂದೇ ಹಡಗಿನ ತಳದಲ್ಲಿ ಸರಪಳಿಯೊಡನೆ ಸಾಗರ ದಾಟಿರಬೇಕಲ್ಲವೇ? ದಾಟಿದರು. ಆದರೆ ದಡ ಸೇರಿದಾಗ ಬೂಕಿ ಬೂಕಿಯಾಗಿಯೇ ಉಳಿದ, ಲೆಕ್ ಮಾತ್ರ ಲಪ್ಯಾಂ ಆಗಿದ್ದ. ಗೆದ್ದವನು ಹೆಸರು ಕಳೆದುಕೊಂಡ, ಸೋತವನು ಉಳಿಸಿಕೊಂಡ.

ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ. ಕತ್ತೆಕಿರುಬ ಅಮೆರಿಕದಲ್ಲಿಲ್ಲ. ದಣಿಯ ದಿನಬಳಕೆಯ ಮಾತಿನಲ್ಲಿ ಅದಕ್ಕೊಂದು ಹೆಸರಿನ ಅಗತ್ಯವೇ ಬೀಳಲಿಲ್ಲ. ಆದ್ದರಿಂದ ಹಳೆಯ ಹೆಸರನ್ನು ಕಿತ್ತುಹಾಕಲು ಹೊಸದೊಂದು ಇರಲಿಲ್ಲ. ಪ್ರಾಣಿ ಮರೆತುಹೋದರೂ ಹೆಸರು ಬಾಳಿತು. ಹೇಟಿಯಲ್ಲಂತೂ ಬೂಕಿ ಪ್ರಾಣಿಯೆಂಬುದೇ ಮಾಸಿ ಒಬ್ಬ ಮಂದ ಮನುಷ್ಯನಾಗಿಬಿಟ್ಟಿದ್ದಾನೆ. ಅವನ ಎದುರಾಳಿಯ ಹೆಸರು ಅಲ್ಲಿ ‘ತಿ ಮಾಲಿಸ್’, ಅದೂ ಫ್ರೆಂಚಿನಿಂದಲೇ. ಮೊಲವಾದರೋ ದಣಿಯ ಅಂಗಳದಲ್ಲಿ, ದಣಿಯ ಬಾಣಲೆಯಲ್ಲಿ ಎಲ್ಲೆಲ್ಲಿಯೂ ಇತ್ತು. ಅದರ ಹೆಸರು ದಿನಕ್ಕೆ ಹತ್ತು ಬಾರಿ ಕಿವಿಗೆ ಬೀಳುತ್ತಿತ್ತು. ದಿನಬಳಕೆಯ ಸಾಮಾನ್ಯ ಪದವಾದ್ದರಿಂದಲೇ ಲೆಕ್ ಅಳಿಯಿತು.

ಹಿಂದೂ ಮಹಾಸಾಗರದ ಮಾರಿಷಸ್‌ನಲ್ಲಿ ಇನ್ನೊಂದು ತಿರುವು. ಅಲ್ಲಿಯ ಕ್ರಿಯೋಲ್‌ನಲ್ಲಿಯೂ ಲಪ್ಯಾಂ ಎಂಬ ಪದವಿದೆ. ಆದರೆ 1888ರಲ್ಲಿ ಶಾರ್ಲ್ ಬೇಸಾಕ್ ಪ್ರಕಟಿಸಿದ ಸಂಗ್ರಹದ ಕಥೆಗಳಲ್ಲಿ ಜಾಣನ ಪಾತ್ರ ‘ಲಿಯೇವ್ರ್’, ಅಂದರೆ ಕಾಡುಮೊಲದ್ದು. ಕೆರೀಬಿಯನ್ನಿನಲ್ಲಿ ಮೊಲ ಗೆದ್ದ ಪದವಿ ಇಲ್ಲಿ ಅದರ ಕಾಡಿನ ದಾಯಾದಿಗೆ ಸಂದಿತು.

ಲಪ್ಯಾಂನ ಇತರ ಸಂಚಾರಗಳು ಇಷ್ಟು ಭಾರವಾದವಲ್ಲ. ಫ್ರಾನ್ಸಿನೊಳಗೇ ಬ್ರೆಟನ್ ಭಾಷಿಕರು ಅದನ್ನು ತಮ್ಮ ಬಹುವಚನ ಪ್ರತ್ಯಯ ಹಚ್ಚಿ ಬಳಸಿಕೊಂಡರು. ತುಪ್ಪಳದ ವ್ಯಾಪಾರಿಗಳ ಮೂಲಕ ಇಂಗ್ಲಿಷಿಗೂ ಇಟಾಲಿಯನ್ನಿಗೂ ಹೋಯಿತು. ಬಣ್ಣ ಹಾಕಿದ ಮೊಲದ ತುಪ್ಪಳವನ್ನು ಹೆಂಗಸರ ಮೇಲಂಗಿಗೆ ಹಚ್ಚಿ ಮಾರುವಾಗ ಊರಿನ ಹೆಸರಿಗಿಂತ ಫ್ರೆಂಚ್ ಹೆಸರಿಗೆ ಬೆಲೆ ಹೆಚ್ಚು. ಜಪಾನಿನ ಸುಜುಕಿ ಕಂಪನಿ 2002ರಲ್ಲಿ ತನ್ನ ಆಲ್ಟೊ ಸಾಲಿನ ಒಂದು ಪುಟ್ಟ ಕಾರಿಗೆ ‘ರಪಾನ್’, ಎಂದರೆ ಲಪ್ಯಾಂ, ಎಂದು ನಾಮಕರಣ ಮಾಡಿ ಮೊಲದ ಮುಖವನ್ನೇ ಲಾಂಛನವಾಗಿರಿಸಿತು. ಮೊಲಕ್ಕೆ ‘ಉಸಾಗಿ’ ಎಂಬ ಸ್ವಂತ ಹೆಸರು ಜಪಾನೀಯರಿಗೆ ಇದ್ದೂ ಇದೆ. ಹೊಟ್ಟೆಗಾಗಿ ಪದವನ್ನು ಎರವಲು ಪಡೆಯುವುದು ಒಂದು, ಒನಪಿಗಾಗಿ ಪಡೆಯುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ನಾನು ಗೌರವಿಸಬಲ್ಲೆ.

ಕನ್ನಡಕ್ಕೆ ಲಪ್ಯಾಂ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ. ವಿದೇಶದ ಬಿಲಮೊಲ ನಮ್ಮ ಊರುಗಳಿಗೆ ಬಂದಾಗ ನಾವು ಅದಕ್ಕೆ ‘ಮೊಲ’ ಎಂದೇ ಕರೆದು, ತೀರ ಬೇಕಾದಾಗ ಸಾಕುಮೊಲ, ಕಾಡುಮೊಲ ಎಂದು ಬೇರ್ಪಡಿಸಿದೆವು. ಸಂಗಂ ಕಾಲದ ತಮಿಳಿನ ‘ಮುಯಲ್’ನ ಒಡಹುಟ್ಟು ಈ ಪದ. ಇದಕ್ಕೆ ನಾಚಿಕೆಯ ಕಾಟವಾಗಲಿ ನಾವಿಕರ ಭಯವಾಗಲಿ ತಟ್ಟಲಿಲ್ಲ. ಆದರೆ ಈ ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ಕೇಳಿ ನೋಡಿ. ಅದು ‘ಖರ್ಗೋಶ್’, ಕತ್ತೆಯ ಕಿವಿಯದು ಎಂಬ ಪಾರಸಿ ಮಾತು. ಇಲ್ಲವೇ ರ‍್ಯಾಬಿಟ್. ಅಳಿಲು ‘ಗಿಲಹರಿ’ಯಾಗಿದೆ, ಸೋದರತ್ತೆ ‘ಬೂವಾ’ ಆಗಿದ್ದಾಳೆ. ಆದರೆ ಗೊಜ್ಜು ಗೊಜ್ಜಾಗಿಯೇ ಇದೆ, ಕೋಸಂಬರಿ ಹಾಗೆಯೇ ಇದೆ, ಸಂಕ್ರಾಂತಿಯಂದು ನಾವು ಎಳ್ಳುಬೆಲ್ಲವನ್ನೇ ಬೀರುತ್ತೇವೆ. ಇವು ನಮ್ಮ ಬೂಕಿಗಳು. ಗುಲಾಮರ ಗತಿಯ ಪಕ್ಕದಲ್ಲಿ ನಮ್ಮ ವರ್ಗಾವಣೆಗಳನ್ನು ಇಟ್ಟು ತೂಗುವ ಅವಿವೇಕ ನನಗಿಲ್ಲ. ಪದಗಳ ವರ್ತನೆಯನ್ನಷ್ಟೇ ಹೋಲಿಸುತ್ತಿದ್ದೇನೆ. ಹಬ್ಬದ ದಿನ ಕೇಳಿಬರುವ ಆ ಹತ್ತಿಪ್ಪತ್ತು ಮಾತುಗಳನ್ನು ಎಣಿಸಿ, ನಮ್ಮ ಮನೆಗಳಲ್ಲಿ ಕನ್ನಡ ಕ್ಷೇಮವಾಗಿದೆಯೆಂದು ವಾರ್ಷಿಕ ವರದಿಯಲ್ಲಿ ಬರೆದುಕೊಳ್ಳುತ್ತೇವೆ. ಬೇರಾವ ನುಡಿಯೂ ಬದಲಿ ಕೊಡಲಾರದ ಪದಗಳು ತಾವಾಗಿಯೇ ಉಳಿಯುತ್ತವೆ. ಅವುಗಳಿಗೆ ಸಂಘದ ಅಗತ್ಯವಿಲ್ಲ. ಅಗತ್ಯವಿರುವುದು ಮೊಲ, ಅಳಿಲು, ಮೆಟ್ಟಿಲು, ಮಂಜು, ನಾಡಿದ್ದು ಎಂಬಂಥವಕ್ಕೆ. ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಇವುಗಳಿಗೆ ಒಂದು ಗಂಟೆಯೂ ಇಲ್ಲ. ಭಾನುವಾರದ ಮಕ್ಕಳ ತರಗತಿಯಲ್ಲಿ ವಚನದ ಕಂಠಪಾಠಕ್ಕೆ ಮೊದಲು ಅರ್ಧ ಗಂಟೆ ಬರಿಯ ಹರಟೆಗೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಗೆ ಈ ಮೂಲಕ ಸಲಹೆ ಮಾಡುತ್ತೇನೆ. ಬೇಕಾದರೆ ಲಿಖಿತವಾಗಿಯೂ ಸಲ್ಲಿಸುತ್ತೇನೆ.

ಕೊನೆಯದಾಗಿ ಲೆಕ್‌ನ ವಿಷಯದಲ್ಲಿ ಇನ್ನೊಂದು ಸಂಗತಿ. 1953ರಲ್ಲಿ, ಸೆನೆಗಾಲ್ ಇನ್ನೂ ಫ್ರಾನ್ಸಿನ ಅಧೀನದಲ್ಲಿದ್ದಾಗ, ಆಫ್ರಿಕದ ಶಾಲೆಗಳಿಗೆಂದು ಒಂದು ಫ್ರೆಂಚ್ ಪಠ್ಯಪುಸ್ತಕ ಹೊರಬಂತು. ಬರೆದವರು ಅಬ್ದುಲಾಯೇ ಸಾಜಿ ಮತ್ತು ಲಿಯೊಪೋಲ್ಡ್ ಸೆಂಗೋರ್. ಈ ಸೆಂಗೋರ್ 1960ರಲ್ಲಿ ಸ್ವತಂತ್ರ ಸೆನೆಗಾಲಿನ ಮೊದಲ ಅಧ್ಯಕ್ಷರಾದ ಕವಿ. ಪುಸ್ತಕದ ತುಂಬ ಅದೇ ಜಾಣ ಮೊಲದ ಕಥೆಗಳು. ಭಾಷೆ ಮೊದಲಿಂದ ಕೊನೆಯವರೆಗೆ ಫ್ರೆಂಚ್. ಆದರೆ ನಾಯಕನ ಹೆಸರನ್ನು ಅವರು ಅನುವಾದಿಸಲಿಲ್ಲ. ರಕ್ಷಾಪುಟದ ಮೇಲೆಯೇ ‘ಲೆಕ್’ ಎಂದು ಬರೆದು, ಅಡ್ಡಗೆರೆ ಹಾಕಿ, ಅರಿಯದವರ ಅನುಕೂಲಕ್ಕೆಂದು ಕಾಡುಮೊಲದ ಫ್ರೆಂಚ್ ಹೆಸರನ್ನು ಅದರ ಹಿಂದೆ ಸೇರಿಸಿದರು. ಫ್ರೆಂಚ್ ವ್ಯಾಕರಣ ಕಲಿಯಲು ಆ ಪುಸ್ತಕ ತೆರೆದ ಮಕ್ಕಳು ಮೊದಲು ಓದಿದ್ದು ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದ ಹೆಸರನ್ನು.